ಯಾರ ಧರ್ಮ ಬಿಗಿ ಎಂದು ಜಗಳಾಡುವ ಮೊದಲು

ಮಾನ್ಯ ಸಂಪಾದಕರಿಗೆ,

ಗಂಡು ಹೆಣ್ಣಿನ ಶೀಲದ ವಿಷಯದಲ್ಲಿ ಕ್ರೈಸ್ತ ಧರ್ಮ ಬಿಗಿಯೋ ಇಸ್ಲಾಂ ಬಿಗಿಯೋ ಎಂದು ತಮ್ಮ ವಾಚಕರ ವಾಣಿಯಲ್ಲಿ ಕೆಲವು ದಿನಗಳಿಂದ ನಡೆದಿರುವ ಜಗ್ಗಾಟವನ್ನು ಓದುತ್ತಿದ್ದೇವೆ. ‘ನಾಲ್ಕು ಮದುವೆ, ಬೇಡವಾದಾಗ ತಲಾಖ್, ಇದೆಂಥ ಶೀಲ’ ಎಂದು ಒಂದು ಕಡೆಯವರು. ‘ಫಾದರ್ ಕಿವಿಗೆ ಹೇಳಿಬಿಟ್ಟರೆ ಮಾಡಿದ್ದೆಲ್ಲ ಮಾಫಿ, ಇದೆಂಥ ಶೀಲ’ ಎಂದು ಇನ್ನೊಂದು ಕಡೆಯವರು. ಎರಡೂ ಅರೆಬೆಂದ ಮಾತು. ಈ ಪತ್ರ ಬರೆಯುತ್ತಿರುವ ನಮ್ಮಿಬ್ಬರಲ್ಲಿ ಒಬ್ಬರು ಕಥೋಲಿಕ ಧರ್ಮಕೇಂದ್ರದಲ್ಲಿ ಮದುವೆಗೆ ನಿಂತವರಿಗೆ ಪಾಠ ಹೇಳುವವರು, ಇನ್ನೊಬ್ಬರು ಮಸೀದಿಯ ಜಮಾಅತಿನಲ್ಲಿ ನಿಕಾಹ್ ದಫ್ತರ ಬರೆಯುವವರು. ವಾದಕ್ಕೆ ಇಳಿದವರು ಎರಡೂ ಕಡೆಯ ಕಾಗದಪತ್ರ ಒಮ್ಮೆ ನೋಡಿದ್ದರೆ ಜಗಳ ಅರ್ಧಕ್ಕೇ ನಿಲ್ಲುತ್ತಿತ್ತು.

ಒಪ್ಪುವ ಸಂಗತಿಗಳನ್ನು ಮೊದಲು ಹೇಳಿ ಮುಗಿಸುತ್ತೇವೆ. ದೈಹಿಕ ಸಂಬಂಧ ಮದುವೆಯ ಒಳಗೆ ಮಾತ್ರ, ಹಾದರ ಮಹಾಪಾಪ, ಸಲಿಂಗ ಸಂಬಂಧಕ್ಕೆ ಧಾರ್ಮಿಕ ಸಮ್ಮತಿ ಇಲ್ಲ. ಇಷ್ಟರಲ್ಲಿ ಎರಡೂ ಧರ್ಮಗಳ ಸಾಂಪ್ರದಾಯಿಕ ಬೋಧನೆ ಒಂದೇ. ನೋಟದ ವಿಷಯದಲ್ಲೂ ಹತ್ತಿರ ಹತ್ತಿರ. ಪರಸ್ತ್ರೀಯನ್ನು ಕಾಮದಿಂದ ನೋಡಿದವನು ಮನಸ್ಸಿನಲ್ಲಿ ಆಗಲೇ ವ್ಯಭಿಚಾರ ಮಾಡಿದ ಎಂದು ಮತ್ತಾಯನ 5ನೇ ಅಧ್ಯಾಯದಲ್ಲಿ ಯೇಸುವಿನ ಮಾತಿದೆ. ಕುರ್‌ಆನಿನ 24ನೇ ಸೂರಾದಲ್ಲಿ, ಎಂದರೆ ಅಧ್ಯಾಯದಲ್ಲಿ, ದೃಷ್ಟಿ ತಗ್ಗಿಸಿ ಎಂಬ ಆಜ್ಞೆ ಬರುತ್ತದೆ. ಅದು 30ನೇ ವಚನದಲ್ಲಿ ಗಂಡಸರಿಗೆ, ಆಮೇಲೆ 31ರಲ್ಲಿ ಹೆಂಗಸರಿಗೆ. ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳ ಬಟ್ಟೆಯ ಬಗ್ಗೆ ಭಾಷಣ ಬಿಗಿಯುವವರು 31ರಿಂದಲೇ ಓದಲು ಶುರು ಮಾಡುತ್ತಾರೆ ಎನ್ನುವುದು ಬೇರೆ ಮಾತು.

ವ್ಯತ್ಯಾಸ ಇರುವುದು ಬಿಗಿಯನ್ನು ಎಲ್ಲಿ ಇಟ್ಟಿದ್ದಾರೆ ಎನ್ನುವುದರಲ್ಲಿ. ಚರ್ಚ್ ಮದುವೆಯಿಂದ ಹೊರಗೆ ಹೋಗುವ ಬಾಗಿಲಿಗೆ ಬೀಗ ಹಾಕಿದೆ. ಇಸ್ಲಾಂ ಹೊರಬಾಗಿಲನ್ನು ತೆರೆದಿಟ್ಟು, ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಲೆಕ್ಕ ಕೇಳುತ್ತದೆ. ಕಥೋಲಿಕರಿಗೆ ಮದುವೆ ಒಂದು ಸಂಸ್ಕಾರ. ದೇವರ ಮುಂದೆ ಕೊಟ್ಟ ಮಾತನ್ನು ಕೊಟ್ಟವರೂ ಹಿಂದಕ್ಕೆ ಪಡೆಯಲಾಗದು. ಮುಸ್ಲಿಮರಿಗೆ ನಿಕಾಹ್ ಒಂದು ಕರಾರು. ಪವಿತ್ರವಾದ ಕರಾರೇ, ಆದರೂ ಕರಾರು. ಹಾಗಾಗಿ ಅದಕ್ಕೆ ಷರತ್ತು, ಹಣ, ಬಿಡುಗಡೆ, ಆಮೇಲೆ ಕಾಯುವ ಅವಧಿ ಎಲ್ಲವೂ ಇವೆ. ಉಳಿದ ನೀತಿನಿಯಮಗಳೆಲ್ಲ ಈ ಬುಡದಿಂದ ಚಿಗುರಿದವು. ಬುಡ ನೋಡದೆ ಕೊಂಬೆಗಳನ್ನು ಅಕ್ಕಪಕ್ಕ ಇಟ್ಟು ಅಳೆದರೆ ಯಾವ ತೀರ್ಮಾನವೂ ಹುಟ್ಟುವುದಿಲ್ಲ.

ಕಥೋಲಿಕ ಮದುವೆಯ ಕ್ರಮ ನೋಡಿ. ಶಿವಮೊಗ್ಗ ಧರ್ಮಕ್ಷೇತ್ರ, ಎಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶ, ಆದದ್ದು 1988ರಲ್ಲಿ, ಕೇರಳ ಮೂಲದ ಕಥೋಲಿಕರಾದ ಸಿರೋ ಮಲಬಾರ್ ಪಂಥದವರ ಭದ್ರಾವತಿ ಧರ್ಮಕ್ಷೇತ್ರ 2007ರಲ್ಲಿ. ಪೂಜಾವಿಧಿ ಬೇರೆ ಇದ್ದರೂ ಮದುವೆಯ ಮೂಲ ನಿಯಮ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ. ಹುಡುಗ, ಹುಡುಗಿ ಇಬ್ಬರೂ ಮದುವೆ ಸಿದ್ಧತಾ ಶಿಬಿರ ಮುಗಿಸಿದ ಪತ್ರ ತರಬೇಕು. ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪತ್ರ ಹೊಸದಾಗಿರಬೇಕು, ಸಾಮಾನ್ಯವಾಗಿ ಆರು ತಿಂಗಳ ಒಳಗೆ ಬರೆಸಿದ್ದು. ‘ಬೀರುವಿನಲ್ಲಿ ಇದೆಯಲ್ಲ, ಇನ್ನೊಂದು ಯಾಕೆ’ ಎಂದು ಜನ ಗೊಣಗುತ್ತಾರೆ. ಕಾರಣ ಸರಳ: ಒಬ್ಬರ ಮದುವೆಯಾದಾಗ ಆ ಸಂಗತಿಯನ್ನು ಅವರ ದೀಕ್ಷಾಸ್ನಾನದ ದಫ್ತರದ ಅಂಚಿನಲ್ಲಿ ಬರೆಯುತ್ತಾರೆ. ಹಳೆಯ ಪ್ರತಿಯಲ್ಲಿ ಆ ಬರಹ ಇರುವುದಿಲ್ಲ. ಎಲ್ಲೋ ಬೇರೆ ಊರಲ್ಲಿ ಮದುವೆಯಾಗಿ ಇಲ್ಲಿ ಬಂದು ಬ್ರಹ್ಮಚಾರಿ ಎನ್ನುವವನು ಸಿಕ್ಕಿಬೀಳುವುದು ಆ ಒಂದು ಸಾಲಿನಲ್ಲಿ. ಆಮೇಲೆ ಮೂರು ವಾರ ಚರ್ಚಿನ ಬಲಿಪೂಜೆಯ (ಮಾಸ್) ಹೊತ್ತಿಗೆ ಹೆಸರು ಸಾರುತ್ತಾರೆ, ಅಡ್ಡಿ ತಿಳಿದವರು ಬಂದು ಹೇಳಲಿ ಎಂದು.

ಇದಕ್ಕಿಂತ ಮುಖ್ಯವಾದದ್ದು ಗುರುಗಳು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳುವ ಪ್ರಶ್ನೆಗಳು. ಒತ್ತಾಯ ಇದೆಯೇ? ಸಾಯುವ ತನಕ ಎಂಬುದನ್ನು ಒಪ್ಪುತ್ತೀಯಾ? ಒಬ್ಬರಿಗೇ ನಿಷ್ಠೆ ಎಂಬುದನ್ನು? ಮಕ್ಕಳನ್ನು ಬೇಡ ಎನ್ನುವ ತೀರ್ಮಾನ ಮನಸ್ಸಿನಲ್ಲಿ ಇದೆಯೇ? ಉತ್ತರ ಬರೆದುಕೊಂಡು ಸಹಿ ಹಾಕಿಸುತ್ತಾರೆ. ಕೆಡುವುದೂ ಇಲ್ಲೇ. ಗಲ್ಫಿನಿಂದ ಸಣ್ಣ ರಜೆಯಲ್ಲಿ ಬಂದ ಹುಡುಗ, ಛತ್ರ ಗೊತ್ತಾಗಿದೆ, ಕಾಗದ ಛಾಪಿಸಿದ್ದಾರೆ, ಪಕ್ಕದ ಕೋಣೆಯಲ್ಲಿ ಅಪ್ಪ ಅಮ್ಮ ಕೂತಿದ್ದಾರೆ. ಆಗ ‘ಹೌದು ಫಾದರ್, ಹೌದು ಫಾದರ್’ ಎಂದು ಎಲ್ಲದಕ್ಕೂ ತಲೆಯಾಡಿಸಿ ಸಹಿ ಬೀಳುತ್ತದೆ. ಐದು ವರ್ಷದ ನಂತರ ಧರ್ಮಕ್ಷೇತ್ರದ ನ್ಯಾಯಪೀಠದ ಮುಂದೆ ತೆರೆದು ಓದುವುದು ಇದೇ ಹಾಳೆಯನ್ನು.

ಯಾಕೆಂದರೆ ಕಥೋಲಿಕರಲ್ಲಿ ವಿಚ್ಛೇದನ ಇಲ್ಲ, ‘ಮದುವೆ ಆಗಿಯೇ ಇರಲಿಲ್ಲ’ ಎಂಬ ಘೋಷಣೆ ಮಾತ್ರ ಇದೆ. ಒಪ್ಪಿಗೆ ಒತ್ತಾಯದ್ದಾಗಿತ್ತು, ಮೋಸದಿಂದ ಪಡೆದದ್ದಾಗಿತ್ತು, ನಿಷ್ಠೆಯನ್ನೋ ಮಕ್ಕಳನ್ನೋ ಮೊದಲೇ ಮನಸ್ಸಿನಲ್ಲಿ ತಳ್ಳಿಹಾಕಿದ್ದರು, ಮದುವೆಯ ಹೊಣೆ ಹೊರುವ ಮಾನಸಿಕ ಶಕ್ತಿಯೇ ಇರಲಿಲ್ಲ ಎಂಬುದರಲ್ಲಿ ಒಂದನ್ನಾದರೂ ಸಾಕ್ಷಿ ಸಮೇತ ತೋರಿಸಬೇಕು. ಮದುವೆಯ ಆಮೇಲೆ ಗಂಡ ಕುಡಿಯಲು ಕಲಿತ, ಹೆಂಡತಿ ಬೇರೆಯವನ ಜೊತೆ ಹೋದಳು ಎಂಬುದು ತಾನಾಗಿ ಕಾರಣವಾಗದು. ತೊಡಕಿನ ಬೇರು ಒಪ್ಪಿಗೆ ಕೊಟ್ಟ ದಿನವೇ ಇತ್ತು ಎಂದು ಸಾಬೀತಾಗಬೇಕು. ಮದುವೆಯ ಬಂಧವನ್ನು ಎತ್ತಿಹಿಡಿದು ವಾದಿಸಲೆಂದೇ ಪೀಠದಲ್ಲಿ ಒಬ್ಬರು ಇರುತ್ತಾರೆ. ಮೊದಲು ಎರಡು ಪೀಠಗಳು ಒಂದೇ ತೀರ್ಪು ಕೊಡಬೇಕಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ತಂದ ಬದಲಾವಣೆಯಿಂದ ಒಂದು ತೀರ್ಪು ಸಾಕು. ಗಂಡಸಿನ ಅಥವಾ ಹೆಂಗಸಿನ ನಪುಂಸಕತೆ ಮೊದಲಿನಿಂದಲೂ ಇದ್ದು ವಾಸಿಯಾಗದ್ದಾದರೆ ಮದುವೆ ಅಸಿಂಧು. ಬಂಜೆತನ ಮಾತ್ರ ಅಡ್ಡಿಯಲ್ಲ. ಈ ಎರಡನ್ನೂ ಒಂದೇ ಎಂದುಕೊಂಡು ಅರ್ಜಿ ಹಿಡಿದು ಬರುವವರು ಬಹಳ. ಇನ್ನೊಂದು ಭಯ: ಹೀಗೆ ಘೋಷಣೆಯಾದರೆ ಮಕ್ಕಳು ಅಕ್ರಮ ಸಂತಾನವಾಗುತ್ತಾರೆ ಎಂಬುದು. ಚರ್ಚಿನ ಕಾನೂನಿನಲ್ಲಿ ಹಾಗೆ ಆಗುವುದಿಲ್ಲ.

ಎಲ್ಲಕ್ಕಿಂತ ದುಬಾರಿ ತಪ್ಪು ಎಂದರೆ ಚರ್ಚಿನ ಈ ತೀರ್ಪನ್ನೇ ವಿಚ್ಛೇದನ ಎಂದು ತಿಳಿಯುವುದು. ಸರ್ಕಾರದ ಕಣ್ಣಿನಲ್ಲಿ ಅದಕ್ಕೆ ಕಿಮ್ಮತ್ತಿಲ್ಲ; 1996ರಲ್ಲಿ ಮಾಲಿ ಜೋಸೆಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಚರ್ಚಿನ ಪತ್ರ ಒಂದನ್ನೇ ನೆಚ್ಚಿ ಇನ್ನೊಂದು ಮದುವೆಯಾದರೆ ಅದು ದ್ವಿಪತ್ನಿತ್ವದ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ ಏಳು ವರ್ಷದ ತನಕ ಜೈಲು. ಇದು ತಿರುಗುಮುರುಗಾಗಿಯೂ ನಿಜ. 1869ರ ವಿಚ್ಛೇದನ ಕಾಯ್ದೆಯಡಿ ಕೋರ್ಟಿನ ಡಿಕ್ರಿ ತಂದವರಿಗೆ ಚರ್ಚಿನಲ್ಲಿ ಮರುಮದುವೆ ಸಿಗದು. ಎರಡು ಕಾಗದ, ಎರಡು ಕಡೆ, ಎರಡೂ ಬೇಕು. ಅಂದಹಾಗೆ, 2001ರ ತಿದ್ದುಪಡಿಯ ತನಕ ಆ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಸಾಕಿತ್ತು, ಹೆಂಡತಿಗೆ ಮಾತ್ರ ಗಂಡನ ವ್ಯಭಿಚಾರದ ಜೊತೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸೇರಿಸಿ ತೋರಿಸಬೇಕಿತ್ತು. ಹೆಣ್ಣಿಗೊಂದು ನ್ಯಾಯ ಗಂಡಿಗೊಂದು ನ್ಯಾಯ ಎಂದು ಪಕ್ಕದ ಧರ್ಮದತ್ತ ಬೆರಳು ತೋರಿಸುವ ಕ್ರೈಸ್ತ ಬಂಧುಗಳು ಇದನ್ನು ನೆನಪಿಡಬೇಕು.

ಪ್ರೊಟೆಸ್ಟಂಟರಲ್ಲಿ ಲೂಥರನ ಕಾಲದಿಂದಲೂ ಮದುವೆ ಸಂಸ್ಕಾರಗಳ ಪಟ್ಟಿಯಲ್ಲಿ ಇಲ್ಲ. ವ್ಯಭಿಚಾರದ ಕಾರಣಕ್ಕೆ ಬಿಡುಗಡೆ, ಮರುಮದುವೆ ಎರಡಕ್ಕೂ ಅನೇಕ ಸಭೆಗಳಲ್ಲಿ ದಾರಿ ಇದೆ. ‘ಕ್ರೈಸ್ತರಲ್ಲಿ ಹೀಗೆ’ ಎಂದು ಒಂದೇ ಉಸಿರಿಗೆ ಹೇಳುವವರು ಯಾವ ಕ್ರೈಸ್ತರು ಎಂದೂ ಹೇಳಬೇಕು.

ಇನ್ನು ನಿಕಾಹ್. ಇಲ್ಲೂ ‘ಯಾವ ಮುಸ್ಲಿಮರು’ ಎಂಬ ಪ್ರಶ್ನೆ ಬರುತ್ತದೆ; ಹನಫಿ, ಶಾಫಿ ಎಂಬವು ಇಸ್ಲಾಮಿನ ಧರ್ಮಶಾಸ್ತ್ರದ ಎರಡು ಪಂಥಗಳು. ಶಿವಮೊಗ್ಗ, ಭದ್ರಾವತಿಯ ಉರ್ದು ಮನೆಮಾತಿನವರು ಬಹುಪಾಲು ಹನಫಿಗಳು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯ ಬ್ಯಾರಿಗಳು ಶಾಫಿಗಳು. ಪ್ರಾಯಕ್ಕೆ ಬಂದ ಹುಡುಗಿ ತಾನೇ ತನ್ನ ನಿಕಾಹಿಗೆ ಒಪ್ಪಿಗೆ ಕೊಟ್ಟರೆ ಹನಫಿ ಮತದಲ್ಲಿ ಸಿಂಧು. ಶಾಫಿ ಮತದಲ್ಲಿ ವಲೀ, ಎಂದರೆ ತಂದೆ ಅಥವಾ ಅವನ ಕಡೆಯ ಹತ್ತಿರದ ಗಂಡಸು ಕೊಡಿಸದೆ ನಿಕಾಹ್ ಇಲ್ಲ. ಬ್ಯಾರಿ ಮನೆಯ ಹುಡುಗಿ, ಶಿವಮೊಗ್ಗದ ಹನಫಿ ಹುಡುಗ ಎಂದಾಗ ಇದನ್ನು ಮೊದಲೇ ಕೇಳಿಕೊಳ್ಳದಿದ್ದರೆ ಮಂಟಪದಲ್ಲಿ ಗದ್ದಲ ಖಂಡಿತ.

ಕ್ರಮ ಹೀಗಿದೆ. ವಕೀಲ (ಕೋರ್ಟಿನವನಲ್ಲ, ಹುಡುಗಿಯ ಪರ ಪ್ರತಿನಿಧಿ) ಮತ್ತು ಇಬ್ಬರು ಗವಾಹ್, ಎಂದರೆ ಸಾಕ್ಷಿಗಳು, ಹುಡುಗಿ ಕೂತಲ್ಲಿಗೆ ಹೋಗಿ, ಇಂಥವರ ಮಗ ಇಂಥವನ ಜೊತೆ, ಇಷ್ಟು ಮೆಹರಿಗೆ (ಗಂಡ ಹೆಂಡತಿಗೆ ಕೊಡಬೇಕಾದ ಹಣಕ್ಕೆ) ಎಂದು ಹೆಸರು ಮೊತ್ತ ಎರಡನ್ನೂ ಹೇಳಿ ಒಪ್ಪಿಗೆ ಕೇಳಬೇಕು. ಆಮೇಲೆ ಖುತ್ಬಾ, ಎಂದರೆ ಪ್ರವಚನ, ಆಮೇಲೆ ಒಂದೇ ಕೂಟದಲ್ಲಿ ಪ್ರಸ್ತಾಪ ಮತ್ತು ಒಪ್ಪಿಗೆ. ತಪ್ಪುವುದು ಮೊದಲ ಹೆಜ್ಜೆಯಲ್ಲೇ. ಹೆಂಗಸರ ಗುಂಪಿನ ಗಲಾಟೆಯಲ್ಲಿ ಮೊತ್ತ ಹೇಳುವುದಿಲ್ಲ, ಹೇಳಿದರೂ ಕೇಳಿಸುವುದಿಲ್ಲ, ಪಕ್ಕದಲ್ಲಿ ಕೂತ ಖಾಲಾ ‘ಹಾಂ ಹಾಂ, ಕಬೂಲ್’ ಎಂದುಬಿಡುತ್ತಾರೆ. ಕನ್ಯೆಯ ಮೌನವೂ ಒಪ್ಪಿಗೆ ಎಂದು ಫಿಕ್‌ಹ್, ಎಂದರೆ ಧರ್ಮಶಾಸ್ತ್ರದ, ಗ್ರಂಥಗಳಲ್ಲಿ ಇರುವುದು ನಿಜ. ಆದರೆ ಮೌನ ಒಪ್ಪಿಗೆಯಾಗುವುದು ಕೇಳಿದ್ದನ್ನು ತಿಳಿದು ಸುಮ್ಮನಿದ್ದಾಗ. ಏನು ಕೇಳಿದರು ಎಂದೇ ಗೊತ್ತಾಗದವಳ ಮೌನ ಯಾವ ಲೆಕ್ಕಕ್ಕೂ ಇಲ್ಲ. ದಫ್ತರದಲ್ಲಿ ಹುಡುಗಿಯ ಸಹಿ ಅವಳ ಕೈಯಿಂದಲೇ, ಮೊತ್ತದ ಪಕ್ಕದಲ್ಲೇ ಬೀಳಬೇಕು.

ಮೆಹರ್ ಎಂಬುದನ್ನು ಹೊರಗಿನವರು ವಧುವಿನ ಬೆಲೆ ಎಂದು ತಿಳಿದಿದ್ದಾರೆ, ಒಳಗಿನವರು ಶಾಸ್ತ್ರಕ್ಕೆ ಬರೆಯುವ ಸಂಖ್ಯೆ ಎಂದು. ಎರಡೂ ಅಲ್ಲ. ಅದು ಹೆಂಡತಿಗೆ ಗಂಡ ಕೊಡಬೇಕಾದ ಸಾಲ, ಅವಳೊಬ್ಬಳ ಆಸ್ತಿ. ತಕ್ಷಣ ಕೊಡುವ ಭಾಗ ಒಂದು, ತಡವಾಗಿ ಕೊಡುವ ಭಾಗ ಒಂದು. ಎರಡನೆಯದು ತಲಾಖ್ ಅಥವಾ ಸಾವಿನಲ್ಲಿ ತಪ್ಪದೆ ಸಲ್ಲಬೇಕು, ಗಂಡ ಸತ್ತರೆ ಆಸ್ತಿ ಪಾಲಾಗುವ ಮೊದಲು ಅವನ ಉಳಿದ ಸಾಲಗಳ ಜೊತೆ. ಹನಫಿಗಳಲ್ಲಿ ಕನಿಷ್ಠ 10 ದಿರ್ಹಮ್ (ಹಳೆಯ ಕಾಲದ ಬೆಳ್ಳಿ ನಾಣ್ಯ), ಸುಮಾರು 30 ಗ್ರಾಂ ಬೆಳ್ಳಿ. ಶಾಫಿಗಳಲ್ಲಿ ಕನಿಷ್ಠದ ಮಿತಿ ಇಲ್ಲ. ‘ಮೆಹರ್ ಎ ಫಾತಿಮಿ’ ಎಂದು ಬರೆಸಿದರೆ 500 ದಿರ್ಹಮ್, ಸುಮಾರು ಒಂದೂವರೆ ಕೆಜಿ ಬೆಳ್ಳಿ. ಕೂಡುವ ಮೊದಲೇ ಬಿಟ್ಟರೆ ಗೊತ್ತುಮಾಡಿದ್ದರ ಅರ್ಧ ಎಂದು 2ನೇ ಸೂರಾದ 237ನೇ ವಚನ. ನಮ್ಮ ಸಲಹೆ ಒಂದೇ: ಮೊತ್ತವನ್ನು ರೂಪಾಯಿಯಲ್ಲಿ ಬರೆಸಬೇಡಿ, ಚಿನ್ನದ ಗ್ರಾಮಿನಲ್ಲಿ ಬರೆಸಿ. 1985ರಲ್ಲಿ ಬರೆದ ಎರಡು ಸಾವಿರ ರೂಪಾಯಿ ಇವತ್ತು ಒಂದು ತಿಂಗಳ ಕಿರಾಣಿಗೂ ಸಾಲದು. ಇನ್ನು ಹುಡುಗಿಯ ತವರಿನವರೇ ಹಾಕಿದ ಒಡವೆಯನ್ನು ಮೆಹರ್ ಎಂದು ಬರೆಯುವ ಚಾಳಿ ಇದೆ. ಇದು ಶುದ್ಧ ಮೋಸ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮೆಹರನ್ನು ವರದಕ್ಷಿಣೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆ ರಿಯಾಯಿತಿಯ ಮರೆಯಲ್ಲಿ ವರದಕ್ಷಿಣೆ ನುಸುಳಬಾರದು.

ಕರಾರು ಎಂದಮೇಲೆ ಷರತ್ತು ಹಾಕಬಹುದು. ಗಂಡ ಇನ್ನೊಂದು ಮದುವೆಯಾದರೆ ತನ್ನನ್ನು ತಾನೇ ಬಿಡಿಸಿಕೊಳ್ಳುವ ಹಕ್ಕು ಹೆಂಡತಿಗೆ ಎಂದು ನಿಕಾಹ್‌ನಾಮೆಯಲ್ಲಿ ಬರೆಸಬಹುದು. ಇದಕ್ಕೆ ತಲಾಖ್ ಎ ತಫ್‌ವೀಜ್ ಎನ್ನುತ್ತಾರೆ, ನಮ್ಮ ದೇಶದ ನ್ಯಾಯಾಲಯಗಳೂ ಒಪ್ಪಿವೆ. ನಾಲ್ಕು ಮದುವೆಯ ಬಗ್ಗೆ ಊರೆಲ್ಲ ಮಾತಾಡುತ್ತದೆ, ಈ ಒಂದು ಸಾಲು ಬರೆಸಲು ಮಾತ್ರ ಹುಡುಗಿಯ ಅಪ್ಪನಿಗೆ ಸಂಕೋಚ. 4ನೇ ಸೂರಾದ 3ನೇ ವಚನ ನ್ಯಾಯವಾಗಿ ನಡೆಸಲಾರೆ ಎಂಬ ಅಂಜಿಕೆ ಇದ್ದರೆ ಒಬ್ಬಳೇ ಎನ್ನುತ್ತದೆ. ಅದೇ ಸೂರಾದ 129ನೇ ವಚನ ನೀವೆಷ್ಟು ಬಯಸಿದರೂ ಪೂರ್ಣ ಸಮಾನವಾಗಿ ನಡೆಸಲಾರಿರಿ ಎನ್ನುತ್ತದೆ.

ತಲಾಖಿನಲ್ಲಿ ಉತ್ತಮ ಎನಿಸಿದ ರೀತಿ ಹೀಗೆ: ಹೆಂಡತಿ ಮುಟ್ಟಾಗಿ ಶುದ್ಧಳಾದ ಮೇಲೆ, ಅವಳನ್ನು ಕೂಡದೆ, ಒಂದೇ ಒಂದು ಸಲ ಹೇಳಿ ಇದ್ದತ್, ಎಂದರೆ ಅವಳು ಮರುಮದುವೆಯಾಗದೆ ಇರಬೇಕಾದ ಅವಧಿ, ಮುಗಿಯುವ ತನಕ ಕಾಯುವುದು. ಆ ನಡುವೆ ಮನಸ್ಸು ಬದಲಾದರೆ ಮತ್ತೆ ಸೇರಬಹುದು. ಇದ್ದತ್ ಹನಫಿಗಳಲ್ಲಿ ಮೂರು ಮುಟ್ಟು, ಶಾಫಿಗಳಲ್ಲಿ ಮುಟ್ಟಿನ ನಡುವಣ ಮೂರು ಶುದ್ಧ ಅವಧಿ. ಗರ್ಭಿಣಿಗೆ ಹೆರಿಗೆಯ ತನಕ. ಗಂಡ ಸತ್ತವಳಿಗೆ 4 ತಿಂಗಳು 10 ದಿನ, ಅವಳು ಗರ್ಭಿಣಿಯಾಗಿರದಿದ್ದರೆ. ಹುಟ್ಟುವ ಮಗು ಯಾರದೆಂಬ ಗೊಂದಲ ಬಾರದಿರಲಿ ಎನ್ನುವುದು ಇದರ ಒಂದು ಮುಖ್ಯ ಉದ್ದೇಶ. ಇದ್ದತ್ ಮುಗಿಯದೆ ಮಾಡಿಸಿದ ನಿಕಾಹ್ ಸರಿಯಲ್ಲ. ಒಂದೇ ಉಸಿರಿಗೆ ಮೂರು ಸಲ ಹೇಳುವುದನ್ನು 2017ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು, 2019ರ ಕಾಯ್ದೆ ಅದನ್ನು ಮೂರು ವರ್ಷದ ತನಕ ಜೈಲಿನ ಅಪರಾಧ ಮಾಡಿತು. ಹೆಂಡತಿ ತಾನೇ ಕೇಳಿ ಬಿಡುಗಡೆ ಪಡೆಯಲು ಖುಲಾ ಇದೆ, ಕೋರ್ಟಿಗೆ ಹೋಗಲು 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಇದೆ. ಆ ಕಾಯ್ದೆಯಲ್ಲಿ ಗಂಡನ ನಪುಂಸಕತೆಯ ಕಾರಣ ಒಡ್ಡಿದರೆ, ಅವನು ಕೇಳಿಕೊಂಡಾಗ ವಾಸಿಯಾಗಿದೆ ಎಂದು ತೋರಿಸಲು ಕೋರ್ಟು ಒಂದು ವರ್ಷ ಕೊಡುತ್ತದೆ.

ನಂಟಸ್ತಿಕೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ತಿಳಿಯಬೇಕಾದದ್ದು ಒಂದಿದೆ. ಸೋದರತ್ತೆಯ ಮಗಳನ್ನು, ದೊಡ್ಡಪ್ಪನ ಮಗಳನ್ನು ಮದುವೆಯಾಗುವುದಕ್ಕೆ ಇಸ್ಲಾಮಿನಲ್ಲಿ ತಡೆ ಇಲ್ಲ. ಕಥೋಲಿಕರಲ್ಲಿ ಇದೆ, ಬಿಷಪರ ವಿನಾಯಿತಿ ಬೇಕು. ಅಕ್ಕನ ಮಗಳನ್ನು ತರುವ ನಮ್ಮ ಸೀಮೆಯ ಹಳೆಯ ಪದ್ಧತಿ ಇಸ್ಲಾಮಿನಲ್ಲಿ ಪೂರ್ತಿ ನಿಷಿದ್ಧ, ಕಥೋಲಿಕರಲ್ಲೂ ಬಿಷಪರ ವಿನಾಯಿತಿ ಇಲ್ಲದೆ ಆಗದು. ಇಸ್ಲಾಮಿನಲ್ಲಿ ಇನ್ನೊಂದು ಇದೆ, ಚರ್ಚಿನಲ್ಲಿ ಇಲ್ಲದ್ದು: ಹಾಲಿನ ಸಂಬಂಧ. ಎರಡು ವರ್ಷದ ಒಳಗಿನ ಕೂಸಿಗೆ ಬೇರೆ ಹೆಂಗಸು ಹಾಲೂಡಿಸಿದ್ದರೆ ಅವಳು ತಾಯಿ, ಅವಳ ಮಕ್ಕಳು ಒಡಹುಟ್ಟಿದವರು. ಹನಫಿಗಳಲ್ಲಿ ಒಂದು ಸಲ ಕುಡಿಸಿದ್ದರೂ ಸಾಕು, ಶಾಫಿಗಳಲ್ಲಿ ಐದು ಸಲ ಆಗಿರಬೇಕು. ಬಾಣಂತನದಲ್ಲಿ ತಾಯಿಗೆ ಜ್ವರ ಬಂದಾಗ ಚಿಕ್ಕಮ್ಮ ನಾಲ್ಕು ದಿನ ಹಾಲು ಕೊಟ್ಟಿರುತ್ತಾಳೆ, ಇಪ್ಪತ್ತೈದು ವರ್ಷದ ನಂತರ ಅವಳ ಮಗಳನ್ನೇ ಕೇಳುತ್ತಾರೆ, ಮದುವೆ ಹತ್ತಿರ ಬಂದಾಗ ಯಾರೋ ಅಜ್ಜಿ ಬಾಯಿಬಿಡುತ್ತಾರೆ. ಸಂಬಂಧ ನೋಡುವ ಮೊದಲ ದಿನವೇ ಮನೆಯ ಹಿರಿಯ ಹೆಂಗಸರನ್ನು ಕೇಳಬೇಕಾದ ಪ್ರಶ್ನೆ ಇದು.

ಮದುವೆಯ ಒಳಗಿನ ಸಂಬಂಧದ ಬಗ್ಗೆ ಎರಡೂ ಧರ್ಮಗಳು ಜನ ಎಣಿಸುವುದಕ್ಕಿಂತ ಬಿಚ್ಚುಮನಸ್ಸಿನವು. ಹೆಂಡತಿಯ ದೇಹದ ಮೇಲೆ ಗಂಡನಿಗೆ ಎಷ್ಟು ಅಧಿಕಾರವೋ ಗಂಡನ ದೇಹದ ಮೇಲೆ ಹೆಂಡತಿಗೂ ಅಷ್ಟೇ ಎಂದು ಸಂತ ಪೌಲ ಕೊರಿಂಥದವರಿಗೆ ಬರೆದಿದ್ದಾನೆ. ಪ್ರಾರ್ಥನೆಗಾಗಿ ದೂರ ಇರುವುದಾದರೆ ಇಬ್ಬರೂ ಒಪ್ಪಿ, ಸ್ವಲ್ಪ ಕಾಲ ಮಾತ್ರ ಎಂದೂ. ರಂಜಾನಿನಲ್ಲಿ ರಾತ್ರಿ ತಡೆಯಿಲ್ಲ, ಹಗಲು ಮಾತ್ರ ನಿಷೇಧ; ಬೇಕೆಂದೇ ಮುರಿದರೆ ಎಡೆಬಿಡದೆ 60 ದಿನದ ಉಪವಾಸ, ಆಗದವರು 60 ಬಡವರಿಗೆ ಊಟ. ಮುಟ್ಟಿನ ದಿನಗಳಲ್ಲಿ ಕೂಡಬಾರದು ಎಂದು ಕುರ್‌ಆನ್ ಹೇಳಿದೆ. ಹಾಗೆಂದು ಹೆಂಗಸನ್ನು ಹೊರಗೆ ಕೂರಿಸುವುದು, ಬೇರೆ ತಟ್ಟೆ ಕೊಡುವುದು ಅಲ್ಲಿ ಇಲ್ಲ.

ಬೇರೆಯಾಗುವುದು ಗರ್ಭನಿರೋಧದಲ್ಲಿ. ಇಂಗ್ಲೆಂಡ್ ಮೂಲದ ಚರ್ಚಿನವರಾದ ಆಂಗ್ಲಿಕನರು 1930ರ ಲ್ಯಾಂಬೆತ್ ಸಮ್ಮೇಳನದಲ್ಲಿ ಕೆಲವು ಸಂದರ್ಭಗಳಿಗೆ ಒಪ್ಪಿದರು. 1968ರಲ್ಲಿ ಪೋಪ್ ಆರನೇ ಪೌಲರು ಕೃತಕ ವಿಧಾನ ಯಾವುದೂ ಕೂಡದು, ಫಲವತ್ತಿನ ದಿನ ಬಿಟ್ಟು ಸೇರುವ ಸಹಜ ವಿಧಾನ ಮಾತ್ರ ಎಂದರು. ಇಸ್ಲಾಮಿನಲ್ಲಿ ಪ್ರವಾದಿಗಳ ಕಾಲದಲ್ಲೇ ‘ಅಝ್ಲ್’, ಎಂದರೆ ವೀರ್ಯ ಹೊರಗೆ ಬಿಡುವುದು ರೂಢಿಯಲ್ಲಿತ್ತು ಎಂಬ ಹದೀಸ್, ಎಂದರೆ ಪ್ರವಾದಿಗಳ ನಡೆನುಡಿಯ ವರದಿ, ಇದೆ. ಅದನ್ನು ಆಧರಿಸಿ ತಾತ್ಕಾಲಿಕ ವಿಧಾನಗಳನ್ನು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಹನಫಿಗಳು ಹೆಂಡತಿಯ ಅನುಮತಿ ಬೇಕು ಎನ್ನುತ್ತಾರೆ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮಾತ್ರ ವೈದ್ಯಕೀಯ ಅಗತ್ಯ ಇರಬೇಕು ಎನ್ನುವವರೇ ಹೆಚ್ಚು.

ಸಹಜ ವಿಧಾನ ಎಂದರೆ ಕ್ಯಾಲೆಂಡರ್ ನೋಡಿ ದಿನ ಎಣಿಸುವುದು ಎಂದು ತಿಳಿದು ಕೆಟ್ಟವರೇ ಜಾಸ್ತಿ. ನೋಡಬೇಕಾದದ್ದು ಎರಡು. ಒಂದು ಯೋನಿಯ ಸ್ರಾವ: ಒಣಗಿದ ದಿನ, ಅಂಟಂಟಾದ ದಿನ, ಕೊನೆಗೆ ಹಸಿ ಮೊಟ್ಟೆಯ ಬಿಳಿಯಂತೆ ಜಾರುವ ದಿನ. ಆ ಜಾರುವ ಕೊನೆಯ ದಿನದ ನಂತರ ಇನ್ನೂ ಮೂರು ದಿನ ದೂರ ಇರಬೇಕು. ಎರಡು ಮೈಶಾಖ: ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಅಳೆದರೆ, ಅಂಡ ಬಿಡುಗಡೆಯಾದ ಮೇಲೆ ಸುಮಾರು 0.2 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಏರಿ, ಮೂರು ದಿನವಾದರೂ ಇಳಿಯದೆ ನಿಲ್ಲುತ್ತದೆ. ಅಂಡದ ಆಯುಸ್ಸು ಒಂದು ದಿನ, ವೀರ್ಯಾಣು ಮಾತ್ರ ಐದು ದಿನದ ತನಕ ಒಳಗೆ ಬದುಕಿರುತ್ತದೆ. ಹಾಗಾಗಿ ಅಪಾಯ ಇರುವುದು ಶಾಖ ಏರುವ ಮೊದಲು. ಏರಿದ್ದನ್ನು ಕಂಡು ಎಚ್ಚೆತ್ತರೆ ತಡವಾಯಿತು. ಜ್ವರ ಬಂದರೆ, ನಿದ್ದೆಗೆಟ್ಟರೆ ಆ ಅಳತೆ ನಂಬುವಂತಿಲ್ಲ. ನಮ್ಮಲ್ಲಿ ಅಡಿಕೆ ಸುಗ್ಗಿಯ ತಿಂಗಳುಗಳಲ್ಲಿ ನಡುರಾತ್ರಿ ತನಕ ಕೂತು ಸುಲಿಯುವ ಹೆಂಗಸರಿಗೆ ಥರ್ಮಾಮೀಟರ್ ಹೇಳುವುದು ಅಡಿಕೆಯ ಲೆಕ್ಕವೇ ಹೊರತು ಅಂಡದ ಲೆಕ್ಕವಲ್ಲ. ಅವರು ಸ್ರಾವವನ್ನೇ ನೆಚ್ಚಬೇಕು. ಮೊಲೆಯೂಡಿಸುವಾಗ ಬಸಿರಾಗದು ಎಂಬ ನಂಬಿಕೆಗೂ ಮೂರು ಷರತ್ತುಗಳಿವೆ: ಕೂಸು ಆರು ತಿಂಗಳ ಒಳಗಿರಬೇಕು, ಮುಟ್ಟು ಮರಳಿರಬಾರದು, ಹಗಲೂ ರಾತ್ರಿ ಎದೆಹಾಲೊಂದೇ ಕೊಡುತ್ತಿರಬೇಕು. ಒಂದು ತಪ್ಪಿದರೂ ಅದು ಮುಗಿಯಿತು, ಯಾಕೆಂದರೆ ಹೆರಿಗೆಯ ನಂತರದ ಮೊದಲ ಅಂಡ ಮೊದಲ ಮುಟ್ಟಿಗಿಂತ ಮುಂಚೆಯೇ ಬರಬಹುದು.

ಈಗ ಪಾಪ ಮಾಡಿದವರ ವಿಷಯ. ‘ಫಾದರ್ ಕಿವಿಗೆ ಹೇಳಿದರೆ ಮಾಫಿ’ ಎಂದವರಿಗೆ: ಪಾಪನಿವೇದನೆಗೆ ಪಶ್ಚಾತ್ತಾಪ ಬೇಕು, ಮತ್ತೆ ಮಾಡೆನೆಂಬ ಗಟ್ಟಿ ಮನಸ್ಸು ಬೇಕು, ವಿಧಿಸಿದ ಪ್ರಾಯಶ್ಚಿತ್ತ ನಡೆಸಬೇಕು. ಅಕ್ರಮ ಸಂಬಂಧವನ್ನು ಮುಂದುವರಿಸುವ ಮನಸ್ಸಿಟ್ಟುಕೊಂಡು ಬಂದವರಿಗೆ ಕ್ಷಮೆಯ ಮಾತು ಸಿಗದು. ಕೇಳಿದ್ದನ್ನು ಗುರುಗಳು ಬಯಲು ಮಾಡಿದರೆ ಅವರಿಗೆ ತಾನಾಗಿಯೇ ಬಹಿಷ್ಕಾರ. ಇಸ್ಲಾಮಿನ ತೌಬಾದಲ್ಲೂ ಇವೇ: ನಿಲ್ಲಿಸುವುದು, ಮರುಗುವುದು, ಮತ್ತೆ ಮಾಡೆನೆಂಬ ಸಂಕಲ್ಪ, ಇನ್ನೊಬ್ಬರ ಹಕ್ಕು ಕೆಡಿಸಿದ್ದರೆ ಅದನ್ನು ತೀರಿಸುವುದು. ಅಲ್ಲಿ ನಡುವೆ ಮನುಷ್ಯನ ಕಿವಿ ಇಲ್ಲ, ಅಷ್ಟೇ. ಇರಬಾರದು ಕೂಡ, ದೇವರು ಮುಚ್ಚಿಟ್ಟ ತನ್ನ ಪಾಪವನ್ನು ತಾನೇ ಊರಿಗೆ ಸಾರುವವನನ್ನು ಹದೀಸ್ ಕಟುವಾಗಿ ಖಂಡಿಸುತ್ತದೆ.

ಬೇರೆಯವರ ಪಾಪ ಸಾರುವವನಿಗಂತೂ ಇಸ್ಲಾಂ ಇನ್ನೂ ಬಿಗಿ. 24ನೇ ಸೂರಾ ಝಿನಾಕ್ಕೆ, ಎಂದರೆ ಮದುವೆಯ ಹೊರಗಿನ ಸಂಬಂಧಕ್ಕೆ, ನೂರು ಛಡಿ ಎನ್ನುತ್ತದೆ. ವಿವಾಹಿತರಿಗೆ ಕಲ್ಲೆಸೆತದ ಶಿಕ್ಷೆ ಹದೀಸಿನಿಂದ ಬಂದದ್ದು. ಭಾರತದಲ್ಲಿ ಇವು ಯಾವುದೂ ಇಲ್ಲ, ಇಲ್ಲಿ ಎಲ್ಲರಿಗೂ ಒಂದೇ ಅಪರಾಧ ಕಾನೂನು; ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿದ್ದ ವ್ಯಭಿಚಾರದ 497ನೇ ಕಲಮನ್ನೇ 2018ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದೆ. ಆದರೆ ಅದೇ ಸೂರಾದ ಮುಂದಿನ ಮಾತು ಓದಬೇಕು: ಆರೋಪ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತಾರದವರಿಗೆ 80 ಛಡಿ, ಆಮೇಲೆ ಅವರ ಸಾಕ್ಷ್ಯ ಎಂದೂ ಸ್ವೀಕರಿಸಬೇಡಿ. ಆ ನಾಲ್ವರೂ ಕೂಟವನ್ನೇ, ಸುರ್ಮಾ ಕುಡಿಕೆಯಲ್ಲಿ ಕಡ್ಡಿಯಂತೆ, ಕಣ್ಣಾರೆ ಕಂಡಿರಬೇಕು. ಖಲೀಫಾ ಉಮರ್ ಅವರ ಕಾಲದಲ್ಲಿ ಮುಗೀರಾ ಎಂಬ ಅಧಿಕಾರಿಯ ಮೇಲೆ ಮೂವರು ಸಾಕ್ಷಿ ಹೇಳಿ ನಾಲ್ಕನೆಯವನು ತಡವರಿಸಿದಾಗ ಛಡಿ ಬಿದ್ದದ್ದು ಆ ಮೂವರಿಗೆ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗ ಹುಡುಗಿ ಮಾತಾಡಿದ್ದಕ್ಕೆ ಫೋಟೊ ತೆಗೆದು ಗ್ರೂಪಿಗೆ ಹಾಕಿ ಧರ್ಮ ಉಳಿಸಿದೆವು ಎನ್ನುವ ಮುಸ್ಲಿಂ ಹುಡುಗರು ತಮ್ಮದೇ ಶರೀಅತಿನ ಕಟಕಟೆಯಲ್ಲಿ ನಿಂತಿದ್ದಾರೆ. ಬೇರೆ ಧರ್ಮದ ಹೆಸರಲ್ಲಿ ಇದೇ ಕೆಲಸ ಮಾಡುವವರಿಗೆ ನ್ಯಾಯ ಸಂಹಿತೆಯಲ್ಲಿ ಅಡ್ಡಗಟ್ಟುವುದಕ್ಕೆ 126, ಮಾನಹಾನಿಗೆ 356ನೇ ಕಲಂ ಇವೆ, ಮುಸ್ಲಿಂ ಹುಡುಗರಿಗೂ ಅವೇ.

ಕಡೆಯದಾಗಿ ಅಂತರ್ಧರ್ಮೀಯ ಮದುವೆ, ಪತ್ರಗಳಲ್ಲಿ ಅತಿ ಹೆಚ್ಚು ತಪ್ಪು ಬಂದದ್ದು ಇದರಲ್ಲಿ. ಮುಸ್ಲಿಂ ಗಂಡಸು ಕ್ರೈಸ್ತ ಹೆಂಗಸನ್ನು ಅವಳು ಕ್ರೈಸ್ತಳಾಗಿಯೇ ಇದ್ದರೂ ಮದುವೆಯಾಗಬಹುದು ಎಂದು 5ನೇ ಸೂರಾದ 5ನೇ ವಚನದ ಆಧಾರದ ಮೇಲೆ ಸಾಂಪ್ರದಾಯಿಕ ಮತ. ಮುಸ್ಲಿಂ ಹೆಂಗಸಿಗೆ ಆ ಅವಕಾಶ ಇಲ್ಲ. ಚರ್ಚಿನಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ನಿಯಮ: ಬಿಷಪರ ವಿನಾಯಿತಿ, ಜೊತೆಗೆ ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು ಕೈಲಾದದ್ದು ಮಾಡುತ್ತೇನೆಂದು ಕಥೋಲಿಕರ ಕಡೆಯವರ ಮಾತು. ಇವು ಧರ್ಮದ ಮಾತಾದವು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 4ನೇ ಕಲಂ ಪ್ರಕಾರ ವಧೂವರರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ ಆ ಕಾಯ್ದೆಯಂತೆ ನಡೆಯದ ಮದುವೆ ಅಸಿಂಧು. ಹಾಗಾಗಿ ಹುಡುಗಿ ಕ್ರೈಸ್ತಳಾಗಿಯೇ ಉಳಿದು ಬರೀ ನಿಕಾಹ್ ಮಾಡಿಸಿದರೆ ನಾಳೆ ಪಿಂಚಣಿಗೆ, ಆಸ್ತಿಗೆ ತಕರಾರು ಏಳುತ್ತದೆ. ಇಬ್ಬರೂ ಅವರವರ ಧರ್ಮದಲ್ಲೇ ಇರುವುದಾದರೆ 1954ರ ವಿಶೇಷ ವಿವಾಹ ಕಾಯ್ದೆಯೇ ನೇರ ದಾರಿ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು, ನೋಟಿಸ್ ಕೊಟ್ಟು 30 ದಿನ ಕಾಯಬೇಕು, ನೋಟಿಸ್ ಕೊಟ್ಟ ಮೂರು ತಿಂಗಳ ಒಳಗೆ ಮದುವೆ ಮುಗಿಸಬೇಕು. ದಾಟಿದರೆ ಮತ್ತೆ ಹೊಸ ನೋಟಿಸ್. ಸಾಕ್ಷಿಗಳು ಮೂವರು, ಇಬ್ಬರಲ್ಲ. ಇಬ್ಬರನ್ನು ಕರೆತಂದು ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಮೂರನೆಯವರನ್ನು ಹುಡುಕುವವರು ಇದ್ದಾರೆ. ಆಕ್ಷೇಪ ಎತ್ತುವವರು ತೋರಿಸಬಹುದಾದ ಕಾರಣಗಳೂ ಎಣಿಕೆಯವು: ಮೊದಲ ಗಂಡ ಅಥವಾ ಹೆಂಡತಿ ಇರುವುದು, ಬುದ್ಧಿಭ್ರಮೆ, ಹುಡುಗನಿಗೆ 21 ಹುಡುಗಿಗೆ 18 ತುಂಬದಿರುವುದು, ನಿಷಿದ್ಧ ನಂಟು. ಧರ್ಮ ಬೇರೆ ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಆಕ್ಷೇಪ ಬಂದರೆ ಅಧಿಕಾರಿ 30 ದಿನದ ಒಳಗೆ ವಿಚಾರಣೆ ಮಾಡಿ ತೀರ್ಮಾನ ಹೇಳಬೇಕು. ಎತ್ತಿಹಿಡಿದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಲು ಇನ್ನೊಂದು 30 ದಿನ ಇದೆ. ಹೀಗೆ ಮದುವೆಯಾದವರ ಆಸ್ತಿಯ ವಾರಸುದಾರಿಕೆ ಶರೀಅತಿನಂತೆ ಅಲ್ಲ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ನಡೆಯುತ್ತದೆ. ಇದನ್ನು ಹುಡುಗನ ಮನೆಯವರಿಗೆ ನೋಟಿಸ್ ಕೊಡುವ ಮೊದಲೇ ತಿಳಿಸಿರುವುದು ಒಳ್ಳೆಯದು.

ಇಂತಿ,
ಇಬ್ಬರು ಓದುಗರು, ಶಿವಮೊಗ್ಗ